ಸಂವಿದ್ವ್ಯತಿಕ್ರಮವೂ ಸಂಘಸದಸ್ಯರ ಅಸಮಾಧಾನವೂ: ಬೈಸಿಕಲ್ ಸಂಘಗಳ ನಿದರ್ಶನ

1. ವಿಷಯಪ್ರವೇಶ

ಹಾಸನ ಜಿಲ್ಲೆಯ ಸಕಲೇಶಪುರದ ಮಲೆಗಳಲ್ಲಿ ಎಡಕುಮೇರಿಯೆಂಬುದು ದಟ್ಟವಾದ ಕಾಡಿನ ನಡುವಣ ಒಂದು ಸಣ್ಣ ರೈಲುನಿಲ್ದಾಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ಕಡೆಗೆ ಐವತ್ತಕ್ಕೊಂದರ ಇಳಿಜಾರಿನಲ್ಲಿ 57 ಸುರಂಗಗಳನ್ನು ಹಾಯ್ದು ಇಳಿಯುವ ಮಾರ್ಗದಲ್ಲಿ ಅದು ಇರುವುದು. ಅದಕ್ಕೆ ಉತ್ತರದಲ್ಲಿ ಶಿರಾಡಿ ಘಟ್ಟದ ಹೆದ್ದಾರಿಯೂ ದಕ್ಷಿಣದಲ್ಲಿ ಬಿಸಿಲೆ ಘಟ್ಟದ ದಾರಿಯೂ ಕರಾವಳಿಗೆ ಇಳಿಯುವುವು. ಈ ಎರಡು ರಸ್ತೆಗಳು ಬೈಸಿಕಲ್ ಸವಾರರಿಗೆ ಚೆನ್ನಾಗಿ ಪರಿಚಿತವಾದುವು. ಮಳೆಯೂ ಮಂಜೂ ತಿರುವುಗಳೂ ಹೆಚ್ಚಾದ ಇಂತಹ ಹಾದಿಯಲ್ಲಿ ಒಬ್ಬಂಟಿಯಾಗಿ ಹೋಗುವುದಕ್ಕಿಂತ ಹತ್ತು ಮಂದಿ ಕೂಡಿ ಹೋಗುವುದು ಲೇಸೆಂಬುದು ಸ್ಪಷ್ಟ. ಹಾಗೆ ಹೊರಡುವವರು ಹೊರಡುವ ಮುನ್ನವೇ ಕೆಲವು ಮಾತುಗಳನ್ನು ಗೊತ್ತುಮಾಡಿಕೊಳ್ಳಬೇಕಾಗುವುದು. ಹಿಂದುಳಿದವನನ್ನು ಬಿಟ್ಟು ಮುಂದೆ ಹೋಗಕೂಡದು. ಗಾಳಿಯ ಪಂಪೂ ಪಂಚರಿನ ಸಾಮಾನೂ ಇಂಥವನ ಬಳಿಯಲ್ಲಿರಬೇಕು. ಎಲ್ಲರೂ ಕೊಟ್ಟ ಹಣವು ಒಬ್ಬನ ಕೈಯಲ್ಲಿದ್ದು ಅವನು ಸಂಜೆಗೆ ಲೆಕ್ಕವನ್ನೊಪ್ಪಿಸಬೇಕು. ಇಳಿಜಾರಿನಲ್ಲಿ ಮುಂದಾಳು ನಿಲ್ಲೆಂದರೆ ಎಲ್ಲರೂ ನಿಲ್ಲಬೇಕು. ಬರೆಹದಲ್ಲಿಲ್ಲದಿದ್ದರೂ ಇದು ಒಂದು ಕಟ್ಟಳೆಯೇ. ಸಂಘವೆಂಬುದರ ಲಕ್ಷಣವು ಇಷ್ಟರಲ್ಲಿಯೇ ಪೂರ್ಣವಾಗಿ ಕಾಣುವುದು.

ಇಂತಹ ಗುಂಪು ಬೆಳೆದು, ನೋಂದಣಿಯನ್ನು ಪಡೆದು, ಅಧ್ಯಕ್ಷ ಕಾರ್ಯದರ್ಶಿ ಖಜಾಂಚಿಗಳನ್ನು ನೇಮಿಸಿಕೊಂಡ ಮೇಲೆ ಸದಸ್ಯರಲ್ಲಿ ಅಸಮಾಧಾನವು ಹುಟ್ಟುವುದು ಸರ್ವತ್ರ ಕಂಡುಬರುವ ಸಂಗತಿ. ಲೆಕ್ಕಪತ್ರಗಳನ್ನು ತೋರಿಸುವುದಿಲ್ಲ, ಸಭೆಯನ್ನು ಕಾಲಕ್ಕೆ ಸರಿಯಾಗಿ ಕರೆಯುವುದಿಲ್ಲ, ಪಂದ್ಯಕ್ಕೆ ಸವಾರರನ್ನು ಆರಿಸಿದ ಕಾರಣವನ್ನು ತಿಳಿಸುವುದಿಲ್ಲ, ಅಧಿಕಾರವು ಕೆಲವರ ಕೈಯಲ್ಲಿಯೇ ಸುತ್ತುತ್ತಿರುವುದು, ಕೇಳಿದವನಿಗೆ ಸಂಘದ್ರೋಹಿಯೆಂಬ ಹೆಸರು ಬರುವುದು: ದೂರುಗಳ ಸ್ವರೂಪವು ಬಹುಮಟ್ಟಿಗೆ ಇದೇ. ಹೀಗೆ ದೂರುವ ಸದಸ್ಯನು ಸಂಘದ ಕಟ್ಟಳೆಯನ್ನು ಮೀರಿದವನೋ, ದೂರಿಗೆ ಎಡೆಮಾಡಿದ ಅಧಿಕಾರಿಯು ಮೀರಿದವನೋ ಎಂಬುದು ವಿಚಾರಣೀಯವಾಗಿದೆ. ಈ ಪ್ರಶ್ನೆಯು ನವೀನವೆಂದು ತೋರಿದರೂ ನವೀನವಲ್ಲ. ನಮ್ಮ ಧರ್ಮಶಾಸ್ತ್ರಕಾರರು ಇದಕ್ಕಾಗಿ ಒಂದು ವ್ಯವಹಾರಪದವನ್ನೇ ಮೀಸಲಾಗಿಟ್ಟಿರುವರು.

2. ಶಬ್ದಾರ್ಥವಿಚಾರ

ಸಂಘಶಬ್ದವನ್ನು ಪಾಣಿನಿಯು ‘ಸಮ್’ ಎಂಬ ಉಪಸರ್ಗದೊಡನೆ ‘ಹನ್’ ಧಾತುವಿನಿಂದ ಗಣವೆಂಬ ಅರ್ಥದಲ್ಲಿ ಸಾಧಿಸಿರುವನು. ಸ್ಮೃತಿಗಳಲ್ಲಿ ಗಣ, ಪೂಗ, ಶ್ರೇಣಿ, ನೈಗಮ, ವ್ರಾತ ಮುಂತಾದ ಶಬ್ದಗಳು ಬರುತ್ತವೆ. ಇವೆಲ್ಲಕ್ಕೂ ಸಾಮಾನ್ಯವಾದ ಹೆಸರು ಸಮೂಹ. ಮಿತಾಕ್ಷರೆಯ ಪ್ರಕಾರ ಒಂದೇ ಕಸುಬಿನಿಂದ ಜೀವಿಸುವವರ ಕೂಟವು ಶ್ರೇಣಿ. ಜಾತಿಯೂ ವೃತ್ತಿಯೂ ಬೇರೆಬೇರೆಯಾಗಿದ್ದು ಒಂದೇ ಸ್ಥಳದಲ್ಲಿ ವಾಸಿಸುವವರ ಕೂಟವು ಪೂಗ. ಈಗಿನ ಬೈಸಿಕಲ್ ಸಂಘದಲ್ಲಿ ಅಧ್ಯಾಪಕನೂ ವರ್ತಕನೂ ವಿದ್ಯಾರ್ಥಿಯೂ ಕಾಫಿತೋಟದವನೂ ಕೂಡುವರಾದ್ದರಿಂದ ಅದು ಶ್ರೇಣಿಗಿಂತ ಪೂಗಕ್ಕೆ ಹತ್ತಿರವಾದುದೆನ್ನಬಹುದು.

ಸಮೂಹದವರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಗೆ ಸಮಯವೆಂದೂ ಸಂವಿತ್ತೆಂದೂ ಹೆಸರು. ಅದನ್ನು ಮೀರುವುದೇ ಸಂವಿದ್ವ್ಯತಿಕ್ರಮ. ನಾರದನು ಇದೇ ಪ್ರಕರಣವನ್ನು ಸಮಯಸ್ಯಾನಪಾಕರ್ಮವೆಂದು ಕರೆದಿರುವನು. ಬೃಹಸ್ಪತಿಯು ಇಂತಹ ಸಮಯಗಳಿಗೆ ವಿಷಯವಾಗತಕ್ಕ ಕಾರ್ಯಗಳನ್ನು ಎಣಿಸುವಾಗ ಸಭಾಗೃಹ, ಅರವಟ್ಟಿಗೆ, ದೇವಾಲಯ, ಕೆರೆ, ಉಪವನ ಇವುಗಳ ಜೀರ್ಣೋದ್ಧಾರವನ್ನೂ ಅನಾಥರ ರಕ್ಷಣೆಯನ್ನೂ ಹೇಳಿರುವನು. ಒಬ್ಬನಿಂದಾಗದೆ ಎಲ್ಲರಿಂದಲೂ ಆಗಬೇಕಾದ ಕೆಲಸವೇ ಸಮಯದ ವಿಷಯವೆಂಬುದು ಇದರಿಂದ ತಿಳಿಯುವುದು.

3. ಶಾಸ್ತ್ರಕಾರರ ನಿರ್ಣಯ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮಪ್ರಕರಣವು ಸಂಕ್ಷೇಪವಾಗಿದ್ದರೂ ಸಾರವತ್ತಾಗಿದೆ. ಅದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (ಕ್ರಿ. ಶ. 1076-1126) ಕಲ್ಯಾಣದಲ್ಲಿದ್ದವನಾದ್ದರಿಂದ ಈ ಪ್ರಕರಣವು ಕನ್ನಡನಾಡಿನವರಿಗೆ ವಿಶೇಷವಾಗಿ ಆದರಣೀಯವಾದುದು. ಐಯಾವೊಳೆಯ ಐನೂರ್ವರಂತಹ ವರ್ತಕಸಮೂಹಗಳೂ ಅಗ್ರಹಾರಗಳ ಮಹಾಜನರೂ ಪ್ರಬಲರಾಗಿದ್ದ ಕಾಲದಲ್ಲಿ ಬರೆದ ಗ್ರಂಥವಿದು ಎಂಬುದನ್ನೂ ನೆನೆಯಬೇಕು.

ಯಾಜ್ಞವಲ್ಕ್ಯನ ಅಭಿಪ್ರಾಯವನ್ನು ನಾಲ್ಕು ಅಂಶಗಳಾಗಿ ವಿಂಗಡಿಸಬಹುದು. ಮೊದಲನೆಯದು, ಧರ್ಮವನ್ನು ಬಲ್ಲವರೂ ಶುಚಿಗಳೂ ಲೋಭವಿಲ್ಲದವರೂ ಸಮೂಹದ ಕಾರ್ಯಚಿಂತಕರಾಗಬೇಕು. ಎರಡನೆಯದು, ಸಮೂಹದ ಹಿತವನ್ನು ನುಡಿಯುವ ಇವರ ಮಾತನ್ನು ಎಲ್ಲರೂ ನಡೆಯಿಸಬೇಕು; ವಿರೋಧಿಸುವವನಿಗೆ ಪ್ರಥಮಸಾಹಸದಂಡ. ಈ ಸ್ಮೃತಿಯ ಲೆಕ್ಕದಲ್ಲಿ ಅದು 270 ಪಣ. ಮೂರನೆಯದು, ಸಮೂಹದ ಕಾರ್ಯಕ್ಕಾಗಿ ಹೋದವನು ತನಗೆ ದೊರೆತುದನ್ನು ಸಮೂಹಕ್ಕೆ ಒಪ್ಪಿಸಬೇಕು. ತಾನಾಗಿ ಒಪ್ಪಿಸದಿದ್ದರೆ ಹನ್ನೊಂದರಷ್ಟು ತೆರಬೇಕು. ನಾಲ್ಕನೆಯದು, ಗಣದ್ರವ್ಯವನ್ನು ಅಪಹರಿಸಿದವನಿಗೂ ಸಂವಿತ್ತನ್ನು ಉಲ್ಲಂಘಿಸಿದವನಿಗೂ ಸರ್ವಸ್ವಹರಣವೂ ದೇಶಭ್ರಷ್ಟತೆಯೂ ಶಿಕ್ಷೆ.

ಇಲ್ಲಿ ಒಂದು ಶಂಕೆಯುಂಟಾಗಬಹುದು. ಕಾರ್ಯಚಿಂತಕರ ಮಾತನ್ನು ಎಲ್ಲರೂ ಕೇಳಲೇಬೇಕೆಂದ ಮೇಲೆ ದೂರುವ ಸದಸ್ಯನೇ ದಂಡಾರ್ಹನಾದನಲ್ಲವೆ? ಸಮಾಧಾನವೇನೆಂದರೆ, ವಿಧೇಯತೆಯನ್ನು ವಿಧಿಸಿದ ಸ್ಥಳದಲ್ಲಿ ಶಾಸ್ತ್ರವು ಅಧಿಕಾರಿಯೆಂಬ ಸಾಮಾನ್ಯ ಶಬ್ದವನ್ನು ಬಳಸದೆ ಸಮೂಹಹಿತವಾದಿ ಎಂಬ ಶಬ್ದವನ್ನು ಬಳಸಿದೆ. ವಿಧೇಯತೆಯು ಸಲ್ಲುವುದು ಹಿತವಾದ ಮಾತಿಗೆ, ಪೀಠಕ್ಕಲ್ಲ. ಈ ಅರ್ಥವನ್ನು ಕಾತ್ಯಾಯನನು ಮತ್ತಷ್ಟು ಬಿಡಿಸಿರುವನು. ಅವನ ಸ್ಮೃತಿಯು ಪೂರ್ಣವಾಗಿ ದೊರೆಯದೆ ನಿಬಂಧಗಳಲ್ಲಿ ಉದ್ಧೃತವಾದ ವಚನಗಳಿಂದಲೇ ತಿಳಿದುಬರುವುದು. ಅವನ್ನು ಪಾಂಡುರಂಗ ವಾಮನ ಕಾಣೆಯವರು 1933ರಲ್ಲಿ ಸಂಗ್ರಹಿಸಿ ಪ್ರಕಟಿಸಿದರು. ಕಾತ್ಯಾಯನನ ಪ್ರಕಾರ ಯುಕ್ತಿಯುಕ್ತವಾದ ಮಾತನ್ನು ಕೆಡಿಸುವವನು, ಮಾತನಾಡುವವನಿಗೆ ಅವಕಾಶವನ್ನು ಕೊಡದವನು, ಅಯುಕ್ತವನ್ನು ನುಡಿಯುವವನು ಈ ಮೂವರೂ ಸಮಾನವಾಗಿ ಪೂರ್ವಸಾಹಸದಂಡಕ್ಕೆ ಅರ್ಹರು. ಅಂದರೆ ಹಿತದ ಮಾತನ್ನು ಮೀರಿದ ಸದಸ್ಯನಿಗೆ ಯಾವ ಶಿಕ್ಷೆಯೋ ಸದಸ್ಯನ ಬಾಯಿಮುಚ್ಚಿಸಿದವನಿಗೂ ಅದೇ ಶಿಕ್ಷೆ. ಸಮೂಹದ ಹೆಸರಿನಲ್ಲಿ ಸಾಲಮಾಡಿ ಸ್ವಂತಕ್ಕೆ ಬಳಸಿಕೊಂಡವನೇ ಆ ಸಾಲವನ್ನು ತೀರಿಸಬೇಕೆಂದೂ, ಸಾಹಸಿಯನ್ನೂ ಭೇದಕಾರಿಯನ್ನೂ ಗಣದ್ರವ್ಯನಾಶಕನನ್ನೂ ರಾಜನಿಗೆ ಅರಿಕೆಮಾಡಿ ತೆಗೆದುಹಾಕಬೇಕೆಂದೂ ಅವನೇ ಹೇಳಿರುವನು.

ಮುಖ್ಯರಿಗೂ ಸಮೂಹಕ್ಕೂ ವಿವಾದವು ಒದಗಿದರೆ ಗತಿಯೇನು? ರಾಜನು ವಿಚಾರಿಸಿ ಅವರನ್ನು ಸ್ವಧರ್ಮದಲ್ಲಿ ನಿಲ್ಲಿಸಬೇಕೆಂದು ಬೃಹಸ್ಪತಿಯ ಮತ. ರಾಜನು ಸಮೂಹದ ಆಡಳಿತವನ್ನು ತಾನೇ ನಡೆಯಿಸಬೇಕೆಂದು ಇಲ್ಲಿ ಹೇಳಿಲ್ಲ. ಅವರವರ ಕಟ್ಟಳೆಗೆ ಅವರನ್ನು ಮರಳಿಸಬೇಕೆಂಬುದಷ್ಟೇ ತಾತ್ಪರ್ಯ.

4. ಬೈಸಿಕಲ್ ಸಂಘಗಳ ಚರಿತ್ರೆಯಿಂದ ಮೂರು ನಿದರ್ಶನಗಳು

ಸದಸ್ಯನ ಮಾತಿಗೆ ಅವಕಾಶವಿಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ಈ ಕ್ರೀಡೆಯ ಚರಿತ್ರೆಯೇ ಸಾಕ್ಷಿ. 1892ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯೊಂದು ಸ್ಥಾಪಿತವಾಯಿತು. ಬ್ರಿಟನ್ ಒಂದೇ ರಾಜ್ಯವಾದರೂ ಇಂಗ್ಲೆಂಡ್, ಸ್ಕಾಟ್ಲೆಂಡ್ ಮುಂತಾದುವುಗಳಿಗೆ ಬೇರೆಬೇರೆ ಪ್ರಾತಿನಿಧ್ಯವಿರುವುದು ನ್ಯಾಯವಲ್ಲವೆಂದು ಇತರ ದೇಶಗಳು ಆಕ್ಷೇಪಿಸಿದುವು. ಆಕ್ಷೇಪವು ಪರಿಹಾರವಾಗಲಿಲ್ಲ. ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಸರ್ಲೆಂಡ್, ಅಮೆರಿಕ ಈ ಐದು ದೇಶಗಳ ಸಂಘಗಳು 1900ನೆಯ ಏಪ್ರಿಲ್ 14ರಂದು ಪ್ಯಾರಿಸಿನಲ್ಲಿ ಕೂಡಿ ಬೇರೊಂದು ಒಕ್ಕೂಟವನ್ನು ಸ್ಥಾಪಿಸಿದುವು. ಇಂದು ಈ ಕ್ರೀಡೆಗೆ ಜಗತ್ತಿನಲ್ಲಿ ಪ್ರಮಾಣವಾಗಿರುವ ಯೂಸಿಐ ಎಂಬ ಸಂಸ್ಥೆಯು ಅದೇ. ಅದು ಹುಟ್ಟಿದ್ದೇ ಅಸಮಾಧಾನದಿಂದ ಎಂಬುದು ಗಮನಾರ್ಹ.

ಎರಡನೆಯ ನಿದರ್ಶನವು ಸ್ಪರ್ಧೆಯಿಲ್ಲದ ದೂರಸವಾರಿಗೆ ಸಂಬಂಧಿಸಿದುದು. ಫ್ರಾನ್ಸಿನಲ್ಲಿ ಆಡಾಕ್ಸ್ ಎಂಬ ಸವಾರಿಯನ್ನು 1904ರಲ್ಲಿ ಪ್ರವರ್ತಿಸಿದ ಹೆನ್ರಿ ದೆಗ್ರಾಂಜನಿಗೂ ಅದನ್ನು ನಡೆಯಿಸುತ್ತಿದ್ದ ಆಡಾಕ್ಸ್ ಕ್ಲಬ್ ಪಾರಿಸಿಯೆನ್ ಎಂಬ ಸಂಘಕ್ಕೂ 1921ರಲ್ಲಿ ಒಡಕುಂಟಾಯಿತು. ಮುಂದಾಳಿನ ಹಿಂದೆ ಗೊತ್ತಾದ ವೇಗದಲ್ಲಿ ಎಲ್ಲರೂ ಸಾಗುವ ಕ್ರಮವನ್ನು ಬಿಟ್ಟು, ಪ್ರತಿಯೊಬ್ಬನೂ ತನ್ನ ವೇಗದಲ್ಲಿ ಸಾಗುವ ಬ್ರೆವೆಯೆಂಬ ಕ್ರಮವನ್ನು ಆ ಸಂಘವು ಹೊಸದಾಗಿ ಏರ್ಪಡಿಸಿತು. ಕರ್ಣಾಟಕದಲ್ಲಿಯೂ ಇಂದು 200, 300, 400, 600 ಕಿಲೋಮೀಟರುಗಳ ಬ್ರೆವೆಗಳನ್ನು ಮುಗಿಸುವವರು ಆ ಒಡಕಿನ ಫಲವನ್ನೇ ಅನುಭವಿಸುತ್ತಿರುವರು.

ಮೂರನೆಯದು ಇಂಗ್ಲೆಂಡಿನದು, ಹೆಚ್ಚು ಕಹಿಯಾದುದೂ ಅದೇ. ಅಲ್ಲಿಯ ನ್ಯಾಷನಲ್ ಸೈಕ್ಲಿಸ್ಟ್ಸ್ ಯೂನಿಯನ್ ಎಂಬ ಹಳೆಯ ಸಂಘವು ಸಾರ್ವಜನಿಕ ರಸ್ತೆಗಳಲ್ಲಿ ಸವಾರರು ಒಟ್ಟಿಗೆ ಹೊರಡುವ ಪಂದ್ಯಗಳನ್ನು ನಿಷೇಧಿಸಿದ್ದಿತು. ಪೋಲೀಸಿನವರು ಕೆರಳಿ ಎಲ್ಲ ಪಂದ್ಯಗಳನ್ನೂ ನಿಲ್ಲಿಸಿಬಿಡಬಹುದೆಂಬುದು ಅವರ ಭಯ. ಆ ಭಯವು ನಿಷ್ಕಾರಣವೆನ್ನುವಂತಿರಲಿಲ್ಲ. ಪರ್ಸಿ ಸ್ಟಾಲರ್ಡ್ ಎಂಬ ಸವಾರನು ಎಷ್ಟು ಬೇಡಿದರೂ ಒಪ್ಪಿಗೆ ದೊರೆಯದೆ 1942ನೆಯ ಜೂನ್ 7ರಂದು ಲಾಂಗೋಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಪಂದ್ಯವನ್ನು ನಡೆಯಿಸಿಯೇಬಿಟ್ಟನು. ಪೋಲೀಸಿನವರು ತಡೆಯಲಿಲ್ಲ, ಸಂಘವು ಅವನನ್ನು ಹೊರಗಿಟ್ಟಿತು. ಅದೇ ವರ್ಷ ಅಸಂತುಷ್ಟರು ಬೇರೊಂದು ಲೀಗನ್ನು ಕಟ್ಟಿದರು. ಹದಿನೇಳು ವರ್ಷಗಳ ವೈರದ ಬಳಿಕ 1959ರಲ್ಲಿ ಎರಡೂ ಕೂಡಿ ಒಂದಾದುವು. ಕೊನೆಗೆ ಒಪ್ಪಿದುದನ್ನು ಮೊದಲೇ ಕುಳಿತು ಕೇಳಿದ್ದರೆ ಒಂದು ತಲೆಮಾರಿನ ಸವಾರರ ಯೌವನವು ಕಲಹದಲ್ಲಿ ಕಳೆಯುತ್ತಿರಲಿಲ್ಲ.

ಅಸಮಾಧಾನವು ಯಾವಾಗಲೂ ಒಡಕಿನಲ್ಲಿಯೇ ಮುಗಿಯಬೇಕೆಂಬ ನಿಯಮವಿಲ್ಲ. ಉತ್ತೇಜಕ ಔಷಧಗಳ ಹಗರಣದಿಂದ ಯೂಸಿಐಯ ಮೇಲೆ ನಂಬಿಕೆಯು ಕುಗ್ಗಿದ್ದಾಗ, 2013ರ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ನಡೆದ ಚುನಾವಣೆಯಲ್ಲಿ ಬ್ರಯನ್ ಕುಕ್ಸನ್ನರು ಅಂದಿನ ಅಧ್ಯಕ್ಷರಾದ ಪ್ಯಾಟ್ ಮೆಕ್‌ಕ್ವೇಡರನ್ನು 24ಕ್ಕೆ 18 ಮತಗಳಿಂದ ಸೋಲಿಸಿದರು. ಇಲ್ಲಿ ಸಂಸ್ಥೆಯು ಒಡೆಯದೆ ಆಡಳಿತವು ಬದಲಾಯಿತು. ಆದರೆ ಜಗತ್ತಿನ ಸವಾರರೆಲ್ಲರ ಪರವಾಗಿ ಮತಕೊಟ್ಟವರು 42 ಮಂದಿ ಪ್ರತಿನಿಧಿಗಳೆಂಬುದನ್ನೂ ಮರೆಯಲಾಗದು.

5. ಈಗಿನ ಕಾನೂನು

ಭಾರತದ ಸೈಕ್ಲಿಂಗ್ ಒಕ್ಕೂಟವು 1946ರಲ್ಲಿ ಸ್ಥಾಪಿತವಾದುದು. ಇಂತಹ ರಾಷ್ಟ್ರೀಯ ಒಕ್ಕೂಟಗಳಿಗೆ ರಾಜ್ಯಸಂಘಗಳು ಅಂಗಗಳು. ರಾಜ್ಯಸಂಘಗಳಿಗೆ ಸಾಮಾನ್ಯವಾಗಿ ಜಿಲ್ಲಾಸಂಘಗಳು ಅಂಗಗಳು. ವಿಜಯಪುರ ಬಾಗಲಕೋಟೆಗಳಲ್ಲಿ ಬೆಳಗಿನ ಜಾವದಲ್ಲಿ ಎದ್ದು ಅಭ್ಯಾಸಮಾಡುವ ಹುಡುಗನಾಗಲಿ ಹುಡುಗಿಯಾಗಲಿ ಈ ಏಣಿಯ ಬುಡದಲ್ಲಿ ನಿಂತಿರುವರು. ಅವರ ಆಯ್ಕೆಯೂ ಪ್ರಯಾಣವೂ ಸಂಘದ ಕೈಯಲ್ಲಿರುವುವು. ಮತವು ಮಾತ್ರ ಅವರ ಕೈಯಲ್ಲಿರುವುದು ವಿರಳ. ಒಂದು ಕ್ರೀಡೆಗೆ ಮಾನ್ಯತೆ ಪಡೆದ ಸಂಘವು ಒಂದೇ ಆದ್ದರಿಂದ ಬೇಸತ್ತವನು ಬಿಟ್ಟುಹೋಗುವಂತೆಯೂ ಇಲ್ಲ. ವಿಹಾರಕ್ಕಾಗಿ ಸವಾರಿಮಾಡುವವನಿಗೆ ಅಸಮಾಧಾನವು ಒಂದು ಬೇಸರ ಮಾತ್ರ. ಸ್ಪರ್ಧಾಳುವಿಗಾದರೋ ಅದು ಜೀವಮಾನದ ನಷ್ಟ.

ನೋಂದಾಯಿತ ಸಂಘಗಳಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮವು ಅನ್ವಯಿಸುವುದು. ಏಳು ಮಂದಿ ಕೂಡಿ ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯನ್ನು ಕರೆಯಬೇಕು. ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರರಲ್ಲೊಂದು ಭಾಗಕ್ಕೆ ಕಡಮೆಯಿಲ್ಲದವರು ಬೇಡಿದರೆ 25ನೆಯ ಪ್ರಕರಣದಂತೆ ನೋಂದಣಾಧಿಕಾರಿಯು ವಿಚಾರಣೆ ನಡೆಯಿಸಬೇಕು. ಬೃಹಸ್ಪತಿಯು ರಾಜನಿಗೆ ಹೇಳಿದ ಕರ್ತವ್ಯವೇ ಇಲ್ಲಿ ಈ ರೂಪವನ್ನು ತಳೆದಿದೆ. ಕ್ರೀಡಾಸಂಸ್ಥೆಗಳಿಗಾಗಿ 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಅಧಿನಿಯಮವೂ ಅಂಗೀಕೃತವಾಗಿದೆ. ಅದರಲ್ಲಿ ರಾಷ್ಟ್ರೀಯ ಕ್ರೀಡಾ ಮಂಡಲಿಗೂ ಕ್ರೀಡಾ ನ್ಯಾಯಾಧಿಕರಣಕ್ಕೂ ಅವಕಾಶವಿದ್ದು, ರಾಷ್ಟ್ರೀಯ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಮಂದಿ ಇರಕೂಡದೆಂದೂ ಅವರಲ್ಲಿ ಶ್ರೇಷ್ಠ ಕ್ರೀಡಾಪಟುಗಳು ಇರಲೇಬೇಕೆಂದೂ ವಿಧಿಸಲಾಗಿದೆ.

ಲೆಕ್ಕ, ಚುನಾವಣೆ, ವಿಚಾರಣೆ ಈ ಮೂರರಲ್ಲಿ ಈಗಿನ ಕಾನೂನು ಸ್ಮೃತಿಗಿಂತ ವಿಶದವಾದುದು. ಆದರೆ ಕಾತ್ಯಾಯನನು ಹೇಳಿದ ಒಂದು ಅಪರಾಧ, ಎಂದರೆ ಮಾತನಾಡುವವನಿಗೆ ಅವಕಾಶವನ್ನು ಕೊಡದಿರುವುದು, ಲೆಕ್ಕಪತ್ರದಲ್ಲಿ ಕಾಣುವಂತಹುದಲ್ಲ. ಸಭೆಯನ್ನು ಕರೆದು, ಹಾಜರಿಯನ್ನು ಬರೆದು, ಪ್ರಶ್ನೆಯನ್ನು ಮಾತ್ರ ಮುಂದಕ್ಕೆ ಹಾಕಿದರೆ ವಿಧಿಯು ನಡೆದಂತಾಯಿತು. ಸಮಯವು ಮುರಿದಂತೆಯೂ ಆಯಿತು.

6. ಉಪಸಂಹಾರ

ಇದರಿಂದ ಸಿದ್ಧವಾಗುವುದೇನೆಂದರೆ, ದೂರುವುದು ಸಂವಿದ್ವ್ಯತಿಕ್ರಮವಲ್ಲ. ಯುಕ್ತವಾದ ದೂರನ್ನು ಕೇಳದಿರುವುದೇ ಸಂವಿದ್ವ್ಯತಿಕ್ರಮ. ಸದಸ್ಯನ ಹೊಣೆಯೂ ಅಲ್ಪವಲ್ಲ. ಅಯುಕ್ತವನ್ನು ನುಡಿಯುವವನಿಗೂ ಅದೇ ದಂಡವುಂಟು. ವಾರ್ಷಿಕ ಸಭೆಗೆ ಬಾರದೆ ವರ್ಷವೆಲ್ಲ ಬೀದಿಯಲ್ಲಿ ದೂರುವವನು ತನ್ನ ಪಾಲಿನ ಸಮಯವನ್ನು ತಾನೇ ಮೀರಿದವನು. ಮೂರರಲ್ಲೊಂದು ಭಾಗದ ಸದಸ್ಯರು ಕೂಡದಿದ್ದರೆ ಅವರ ಬೇಡಿಕೆಯ ಮೇಲೆ ವಿಚಾರಣೆಯನ್ನು ನಡೆಯಿಸಲೇಬೇಕೆಂಬ ಕಟ್ಟು ಕಾನೂನಿಗೂ ಇಲ್ಲ.

ಬಿಸಿಲೆಯ ಇಳಿಜಾರಿನಲ್ಲಿ ಹಿಂದಿನಿಂದ ಒಬ್ಬನು ಕೂಗಿದಾಗ ಮುಂದಾಳು ನಿಂತು ಕೇಳುವನು. ಬ್ರೇಕು ಕೆಟ್ಟಿರಬಹುದು, ಯಾರೋ ಬಿದ್ದಿರಬಹುದು, ಏನೂ ಆಗದೆಯೂ ಇರಬಹುದು; ಕೇಳಿದ ಮೇಲೆಯೇ ಅದು ಗೊತ್ತಾಗುವುದು. ಹತ್ತು ಮಂದಿಯ ಗುಂಪಿನಲ್ಲಿ ಸಹಜವಾಗಿರುವ ಈ ನಡತೆಯನ್ನು ಸಾವಿರ ಮಂದಿಯ ಸಂಘದಲ್ಲಿಯೂ ಉಳಿಸಿಕೊಳ್ಳುವುದೇ ಕಾರ್ಯಚಿಂತಕರ ಮೊದಲ ಕರ್ತವ್ಯವೆಂದು ಶಾಸ್ತ್ರದ ತಾತ್ಪರ್ಯ.