ಹಾಫಿಝ್ ಆದ ಹುಡುಗ ಮತ್ತು ಹತ್ತನೇ ತರಗತಿ

ರಮಝಾನ್ ಹತ್ತಿರ ಬಂತೆಂದರೆ ನಾವು ಹಾಫಿಝರನ್ನು ಹುಡುಕುತ್ತೇವೆ. ತರಾವೀಹ್ ಮುಗಿದ ಮೇಲೆ ಅವರ ಬದುಕು ಹೇಗೆಂದು ಕೇಳುವವರು ಕಡಿಮೆ. ಎಂಟನೇ ವಯಸ್ಸಿಗೆ ಶಾಲೆ ಬಿಟ್ಟು ಹಿಫ್ಝ್‌ಗೆ ಸೇರಿದ ಹುಡುಗ ಹದಿನಾಲ್ಕಕ್ಕೆ ಊರಿಗೆ ಮರಳಿದಾಗ, ಬದನವಾಳಿನಿಂದ ನಂಜನಗೂಡಿಗೆ ಹೋಗುವ ಬಸ್ಸಿನ ಬೋರ್ಡು ಓದಲು ತಡವರಿಸುತ್ತಾನೆ. ಕುರ್‌ಆನಿನ 30 ಕಾಂಡಗಳನ್ನು ಹಿಡಿದಿಟ್ಟುಕೊಂಡ ತಲೆಗೆ ಗಣಿತ ಹತ್ತದೇ?

ಬೀದರಿನ ಶಾಹೀನ್ ಶಾಲೆ ಇದಕ್ಕೆ ಉತ್ತರ ಕೊಟ್ಟಿದೆ. ಇಂಜಿನಿಯರ್ ಆಗಿದ್ದ ಡಾ. ಅಬ್ದುಲ್ ಖದೀರ್ ಅವರು 1989ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳೊಂದಿಗೆ ಆರಂಭಿಸಿದ ಖಾಸಗಿ ಶಾಲೆಯಿದು. ಈಗ ಹಲವು ರಾಜ್ಯಗಳಲ್ಲಿ ಶಾಖೆಗಳಿವೆ. ಅಲ್ಲಿನ ‘ಹಿಫ್ಝುಲ್ ಕುರ್‌ಆನ್ ಪ್ಲಸ್’ ಹಾಫಿಝರಿಗಾಗಿಯೇ ಇರುವ ಕಾರ್ಯಕ್ರಮ. ಬಂದ ಹುಡುಗನನ್ನು ನೇರವಾಗಿ ತರಗತಿಯಲ್ಲಿ ಕೂರಿಸುವುದಿಲ್ಲ. ಮೊದಲು ಕೆಲವು ತಿಂಗಳು ಭಾಷೆ, ಗಣಿತದ ಬುನಾದಿ. ಕೆಲವೇ ಮಕ್ಕಳಿಗೆ ಒಬ್ಬ ಶಿಕ್ಷಕ. ಈ ವಿಭಾಗವನ್ನು ಅವರು ‘ಐಸಿಯು’ ಎಂದೇ ಕರೆಯುತ್ತಾರೆ. ಆಮೇಲೆ 10ನೇ ತರಗತಿ, ಪಿಯುಸಿ. ನೀಟ್ ಬರೆದು ವೈದ್ಯಕೀಯ ಸೀಟು ಪಡೆದ ಹಾಫಿಝರೂ ಇದ್ದಾರೆ. (ರ್‍ಯಾಂಕಿನ ಫೋಟೋಗಳ ದೊಡ್ಡ ಜಾಹೀರಾತು ನಮಗೆ ಅಷ್ಟು ಹಿಡಿಸದು, ಅದು ಬೇರೆ ಮಾತು.)

ಶಾಹೀನ್‌ನಲ್ಲಿ ಮುಸ್ಲಿಮೇತರ ಶಿಕ್ಷಕರೂ ಮಕ್ಕಳೂ ಇದ್ದಾರೆ. ‘ಅವರಿಂದ ಕಲಿಯುವುದೇ?’ ಎನ್ನುವವರು ಬದ್ರ್ ನೆನೆಯಲಿ. ಓದುಬರಹ ಬಲ್ಲ ಮಕ್ಕಾದ ಕೈದಿಗಳು ಅನ್ಸಾರರ ಮಕ್ಕಳಿಗೆ ಅಕ್ಷರ ಕಲಿಸಿದರೆ ಅದನ್ನೇ ಬಿಡುಗಡೆಯ ಬೆಲೆಯಾಗಿ ಪ್ರವಾದಿ(ಸ) ಒಪ್ಪಿಕೊಂಡಿದ್ದರು.

ಆದರೆ ಬೀದರ್ ರಾಜ್ಯದ ಆ ತುದಿ, ನಾವು ಈ ತುದಿ. ಶುಲ್ಕ, ಊಟ, ವಸತಿ ಎಲ್ಲರ ಕೈಗೆಟುಕುವ ಮಾತಲ್ಲ. ಇಲ್ಲಿಯೇ ಆಗುವ ದಾರಿಯೂ ಉಂಟು. ಶಿಕ್ಷಣ ಹಕ್ಕು ಕಾಯ್ದೆ, 2009ರಂತೆ 6ರಿಂದ 14 ವರ್ಷದ ಮಗು ಎಂದೂ ಶಾಲೆಗೆ ಹೋಗದಿದ್ದರೂ, ಮಧ್ಯೆ ಬಿಟ್ಟಿದ್ದರೂ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಜನನ ಪತ್ರವಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಇದಕ್ಕೆ ಹಣ ಬೇಡ, ಊರಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡರೆ ಸಾಕು.

ಹದಿನಾಲ್ಕು ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಓಎಸ್ ಇದೆ. 10ನೇ ತರಗತಿಗೆ ಐದು ವಿಷಯ ಸಾಕು. ಎಲ್ಲವನ್ನೂ ಒಮ್ಮೆಗೇ ಬರೆಯಬೇಕಿಲ್ಲ. ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಬೆಳಿಗ್ಗೆ ಮಕ್ತಬ್‌ನಲ್ಲಿ ಕಲಿಸುತ್ತ ಸಂಜೆ ಓದುವ ಹುಡುಗನಿಗೆ ಇದು ಹೊಂದುತ್ತದೆ.

ಅರ್ಜಿಗೆ ಮೊದಲು ಒಂದು ಕೆಲಸ: ಆಧಾರ್‌ನಲ್ಲೂ ಮದ್ರಸಾ ದಾಖಲೆಯಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇವೆಯೇ ನೋಡಿ. ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.