ಗಿರಣಿಯ ಮೋಟಾರು ಯಾಕೆ ಕೂಗುತ್ತಿತ್ತು?



ಹೋದ ತಿಂಗಳು ನಮ್ಮೂರ ಹಿಟ್ಟಿನ ಗಿರಣಿ ಎರಡು ದಿನ ಬಂದ್ ಇತ್ತು. ಜೋಳ ಬೀಸಿಸಲು ಬಂದವರೆಲ್ಲ ಡಬ್ಬಿ ಹೊತ್ತು ವಾಪಸ್ ಹೋದರು. ಆಗ ಮೋಟಾರು ಬಿಚ್ಚಿ ರಿಪೇರಿ ಮಾಡುವುದನ್ನು ನಾನು ಕೂತು ನೋಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಗಿರಣಿಯಲ್ಲಿ 10 ಎಚ್.ಪಿ. ಮೋಟಾರು ಇದೆ. ಅದು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 6 ಇಂಚು, ಕಲ್ಲಿನ ಪುಲ್ಲಿ 12 ಇಂಚು. ಆದ್ದರಿಂದ ಬೀಸುವ ಕಲ್ಲು ಅದರ ಅರ್ಧ, ಅಂದರೆ ಸುಮಾರು 720 ಸುತ್ತು ತಿರುಗುತ್ತದೆ. ಎರಡೂ ಪುಲ್ಲಿಗಳಿಗೆ ಸೇರಿಸಿ ಮೂರು ವಿ-ಬೆಲ್ಟು ಹಾಕಿದ್ದಾರೆ. ಮೋಟಾರಿನ ಶಾಫ್ಟು ಎರಡೂ ತುದಿಗೆ ಬೇರಿಂಗಿನಲ್ಲಿ ಕೂತಿರುತ್ತದೆ. ಬೇರಿಂಗು ಅಂದರೆ ಒಂದರೊಳಗೊಂದು ಉಕ್ಕಿನ ಬಳೆ, ನಡುವೆ ಗುಂಡುಗಳು.

ಬೆಲ್ಟು ಹಳೆಯದಾಗಿ ಜಾರುತ್ತಿತ್ತು. ಗಿರಣಿ ಕಾಕಾ ಹೊಸದು ತರದೆ ಮೋಟಾರನ್ನೇ ಹಿಂದಕ್ಕೆ ಸರಿಸಿ ಸರಿಸಿ ಬಿಗಿ ಮಾಡಿದರು. ಬಿಗಿಯಾದ ಬೆಲ್ಟು ಶಾಫ್ಟನ್ನು ಒಂದೇ ಕಡೆ ಜಗ್ಗಿತು. ಪುಲ್ಲಿ ಕಡೆಯ ಬೇರಿಂಗು ಸವೆದು ಗರ್ ಗರ್ ಅನ್ನತೊಡಗಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಹಾಗೇ ಓಡಿಸಿದರೆ ಒಳಗಿನ ರೋಟರು ತಿಕ್ಕಿ ವೈಂಡಿಂಗೇ ಸುಡಬಹುದು.

ಮಿಸ್ತ್ರಿ ಮಾಮಾ ಬಂದಾಗ ಕರೆಂಟು ಇರಲಿಲ್ಲ. ಆದರೂ ಮೊದಲು ಮೋಟಾರಿನ ಮೂರೂ ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಂಡರು.

"ಕರೆಂಟ ಇಲ್ಲಲ್ರಿ ಮಾಮಾ, ಫ್ಯೂಜ ಯಾಕ ತಗದ್ರಿ?" ಎಂದು ಕೇಳಿದೆ.

"ಅದು ಬರೂಮುಂದ ನನ್ನ ಕೇಳಿ ಬರತೈತೇನೋ ತಮ್ಮಾ?" ಅಂದರು.

ಅವರು ಬೋಲ್ಟು ಸಡಿಲಿಸಿ, ಮೋಟಾರು ಮುಂದೆ ಸರಿಸಿ, ಬೆಲ್ಟು ತೆಗೆಯುತ್ತಿದ್ದರು. ಫಕ್ಕನೆ ಬಲ್ಬು ಹತ್ತಿತು! ಬಲ್ಬಿನ ಲೈನು ಬೇರೆ. ವೋಲ್ಟೇಜು ಕಡಿಮೆಯಾದಾಗ ಬೀಳಬಾರದೆಂದು ಸ್ಟಾರ್ಟರಿನ ಹಸಿರು ಗುಂಡಿಗೆ ಕಡ್ಡಿ ಸಿಗಿಸಿಟ್ಟಿದ್ದರು. ಫ್ಯೂಜು ಇದ್ದಿದ್ದರೆ ಮೋಟಾರು ತಾನೇ ತಿರುಗುತ್ತಿತ್ತು. ಮಾಮಾನ ಬೆರಳು ಪುಲ್ಲಿಯ ಮೇಲೇ ಇದ್ದವು. ಯಾರೂ ಮಾತಾಡಲಿಲ್ಲ.

ಆಮೇಲೆ ಪುಲ್ಲರಿನಿಂದ ಪುಲ್ಲಿ ತೆಗೆದರು. ಮುಚ್ಚಳ ಮತ್ತೆ ಹಾಗೇ ಕೂಡಲೆಂದು ಗುರುತು ಹಾಕಿ ಬಿಚ್ಚಿದರು. ಹಳೆ ಬೇರಿಂಗಿನ ಮೇಲೆ 6308 ಎಂದಿತ್ತು. ಕೊನೆಯ 08ನ್ನು 5ರಿಂದ ಗುಣಿಸಿದರೆ 40. ಅಷ್ಟು ಮಿಲಿಮೀಟರ್ ಅದರ ನಡುವಿನ ತೂತು! ಹೊಸದನ್ನು ಕೂಡಿಸುವಾಗ ಒಳಗಿನ ಬಳೆಗೆ ಪೈಪು ಆನಿಸಿ ಮೆಲ್ಲಗೆ ಬಡಿದರು. ಹೊರಗಿನ ಬಳೆಗೆ ಬಡಿದರೆ ಪೆಟ್ಟು ಗುಂಡುಗಳಿಗೆ ಬಿದ್ದು, ಅವು ಓಡುವ ದಾರಿಯಲ್ಲಿ ತಗ್ಗು ಬೀಳುತ್ತದೆ. ಗ್ರೀಸು ಖಾಲಿ ಜಾಗದ ಮೂರನೇ ಒಂದು ಪಾಲು ಹಾಕಿದರು. ಕಂಠಮಟ್ಟ ತುಂಬಿದರೆ ಬಿಸಿಯಾಗುತ್ತದಂತೆ. ಎರಡೂ ಕಡೆಯ ಬೇರಿಂಗು ಬದಲಾದವು.

ಬೆಲ್ಟು ಮೂರನ್ನೂ ಒಟ್ಟಿಗೇ ಬದಲಿಸಬೇಕು. ಒಂದೇ ಹೊಸದು ಹಾಕಿದರೆ, ಹಳೆಯವು ಉದ್ದವಾಗಿರುವುದರಿಂದ ಎಲ್ಲ ಭಾರ ಹೊಸದರ ಮೇಲೇ ಬೀಳುತ್ತದೆ. ಪುಲ್ಲಿಗಳು ಒಂದೇ ನೇರಕ್ಕೆ ಇವೆಯೇ ಎಂದು ದಾರ ಹಿಡಿದು ನೋಡಿದರು. ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು ಅರ್ಧ ಇಂಚು ತಗ್ಗಿತು. ಅಷ್ಟೇ ಬಿಗಿ ಸಾಕು. ಹೊಸ ಬೆಲ್ಟು ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಮರುದಿನ ಮತ್ತೆ ನೋಡಬೇಕು.

ಗಿರಣಿ ಶುರುವಾದಾಗ ಗರ್ ಗರ್ ಸದ್ದು ಇರಲಿಲ್ಲ. ಕಾಕಾ ಸ್ಟಾರ್ಟರಿನ ಕಡ್ಡಿ ತೆಗೆದು ಹೊರಗೆ ಎಸೆದರು. ಆ ದಿನ ರಾತ್ರಿ ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಆಯಿತು.

ಗೆಳೆಯರೇ, ನಿಮ್ಮ ಹೊಲದ ಪಂಪಿನ ಮೋಟಾರು ಮುಟ್ಟುವವರಿಗೂ ಹೇಳಿರಿ: ಕರೆಂಟು ಇಲ್ಲದಿದ್ದರೂ ಮೊದಲು ಫ್ಯೂಜು ಕಿಸೆಗೆ, ಆಮೇಲೆ ಪಾನಾ ಕೈಗೆ.