ಗಿಫ್ಟ್ ಎಂದರೆ ವಿಷ!

ಹುಟ್ಟುಹಬ್ಬಕ್ಕೋ ಮದುವೆಗೋ ನೀವು ಗಿಫ್ಟ್ ಕೊಡುತ್ತೀರಿ. ಜರ್ಮನಿಯಲ್ಲಿ ಮಾತ್ರ ಆ ಮಾತು ಆಡುವಾಗ ಎಚ್ಚರವಿರಲಿ. ಅಲ್ಲಿ ಗಿಫ್ಟ್ ಎಂದರೆ ವಿಷ. ಇಲಿ ಪಾಷಾಣಕ್ಕೆ ಅವರ ಹೆಸರು 'ರಾಟೆನ್‌ಗಿಫ್ಟ್'.

ಇಂಗ್ಲಿಷಿನಲ್ಲಿ ಉಡುಗೊರೆಯಾದ ಪದ ಜರ್ಮನ್‌ನಲ್ಲಿ ವಿಷವಾದದ್ದು ಹೇಗೆ? ಮೂಲದಲ್ಲಿ ಎರಡೂ ಒಂದೇ; 'ಕೊಟ್ಟದ್ದು' ಎಂದಷ್ಟೇ ಅರ್ಥ. ಮದುಮಗಳ ಜೊತೆ ತವರಿನವರು ಕೊಡುವ ವರದಕ್ಷಿಣೆಗೆ ಜರ್ಮನ್‌ನಲ್ಲಿ ಇಂದಿಗೂ 'ಮಿಟ್‌ಗಿಫ್ಟ್' ಎಂಬ ಪದವಿದೆ. (ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಅದು ನಿಜವಾಗಿಯೂ ವಿಷವೇ ಆಗಿದೆ, ಆ ಮಾತು ಬೇರೆ.)

ಅರ್ಥ ಕೆಟ್ಟದ್ದರಲ್ಲಿ ನಮ್ಮ ವೈದ್ಯವೃತ್ತಿಯ ಪಾಲೂ ಇದೆ. ಒಮ್ಮೆಗೆ ಕೊಡುವ ಔಷಧಿಗೆ ಗ್ರೀಕರು 'ಡೋಸಿಸ್' ಎಂದರು. ಅದಕ್ಕೂ 'ಕೊಡುವುದು' ಎಂದೇ ಅರ್ಥ. ನಮ್ಮ 'ದಾನ' ಕೂಡ ಅದೇ ಬೇರಿನದು. ಅದರ ಜಾಡಿನಲ್ಲೇ ಗಿಫ್ಟ್ ಪದವೂ ಔಷಧಿಯ ಡೋಸ್ ಆಗಿ, ಬರಬರುತ್ತಾ ಕೊಲ್ಲುವ ಡೋಸ್ ಆಯಿತು. 1538ರಲ್ಲಿ ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ವೈದ್ಯ ಇದೇ ಪದ ಬಳಸಿ, ಗಿಫ್ಟ್ ಅಲ್ಲದ ವಸ್ತುವೇ ಇಲ್ಲ, ಅದು ವಿಷವಾಗದಂತೆ ತಡೆಯುವುದು ಡೋಸ್ ಮಾತ್ರ ಎಂದು ವಾದಿಸಿದ.

ಈ ಕಥೆ ನನಗೆ ನೆನಪಾದದ್ದು ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬರಿಂದ. ಮನೆಯಲ್ಲಿ ಸಿರಪ್ ಮುಗಿದಿತ್ತು. "ಅದೇ ಔಷಧಿ ಅಲ್ವಾ ಡಾಕ್ಟ್ರೇ" ಎಂದು ಡ್ರಾಪ್ಸ್ ಬಾಟಲಿಯಿಂದ ಒಂದು ಚಮಚ ಕುಡಿಸಿದ್ದರು. ಔಷಧಿ ಅದೇ, ಪ್ಯಾರಸಿಟಮಾಲ್. ಆದರೆ ಸಿರಪ್‌ನ 5 ಮಿ.ಲೀ.ನಲ್ಲಿ 120 ಮಿ.ಗ್ರಾಂ. ಇದ್ದರೆ, ಡ್ರಾಪ್ಸ್‌ನ ಒಂದೇ ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ. ಇರುತ್ತದೆ. ಒಂದು ಚಮಚಕ್ಕೆ ನಾಲ್ಕು ಪಟ್ಟು! ಕೊಟ್ಟದ್ದು ಒಂದೇ ಸಲ, ಮಗುವಿಗೆ ಏನೂ ಆಗಲಿಲ್ಲ. ಹೀಗೆಯೇ ದಿನವಿಡೀ ಕುಡಿಸಿದ್ದರೆ ಯಕೃತ್ತಿಗೆ ಪೆಟ್ಟು ಬೀಳುತ್ತಿತ್ತು. ಬಾಟಲಿಯ ಜೊತೆ ಬರುವ ಅಳತೆಯನ್ನೇ ಬಳಸಿ, ಅಡುಗೆಮನೆಯ ಚಮಚ ಬೇಡ.

ದೊಡ್ಡವರಾದರೂ ಅಷ್ಟೆ. 500 ಮಿ.ಗ್ರಾಂ. ಮಾತ್ರೆ 24 ಗಂಟೆಯಲ್ಲಿ ಎಂಟನ್ನು ಮೀರಬಾರದು. ನೆಗಡಿಗೆಂದು ನುಂಗುವ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಯಕೃತ್ತಿನ ಕಾಯಿಲೆಯವರು, ಕುಡಿತದ ಅಭ್ಯಾಸದವರು ವೈದ್ಯರನ್ನು ಕೇಳದೆ ಅಷ್ಟನ್ನೂ ತೆಗೆದುಕೊಳ್ಳಬಾರದು.

ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಕೈಗೆಟುಕದ ಕಡೆ ಇಡಿ. ಮಕ್ಕಳ ಕಣ್ಣಿಗೆ ಅದು ಪೆಪ್ಪರ್‌ಮೆಂಟು. ಹಿಡಿ ತುಂಬ ನುಂಗಿದ ಮಗು ವಾಂತಿ ಮಾಡಿಕೊಂಡು ಕೆಲವು ಗಂಟೆ ಚೇತರಿಸಿಕೊಂಡಂತೆ ಕಾಣುತ್ತದೆ. ಆಗ ಮೋಸಹೋಗದೆ, ಮಾತ್ರೆಯ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ.